ಅಂಬಾಸಿಡರ್ ಬ್ರೇಕಿಗೆ ಬಣ್ಣ: ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಲೇಬಾರದು

ಹಳೆಯ ಅಂಬಾಸಿಡರ್ ರಿಸ್ಟೋರ್ ಮಾಡುವವರು ಬ್ರೇಕಿನ ಭಾಗಗಳಿಗೆ ಪೇಂಟ್ ಕೊಳ್ಳಲು ಹೋದಾಗ ಮೊದಲು ಹುಡುಕುವುದು ಡಬ್ಬಿಯ ಮೇಲಿನ ಡಿಗ್ರಿ ಲೆಕ್ಕವನ್ನು. 600 ಡಿಗ್ರಿ ತಡೆಯುತ್ತದೆ ಎಂದು ಬರೆದಿದ್ದರೆ ನಿಶ್ಚಿಂತೆಯಿಂದ ತಂದುಬಿಡುತ್ತಾರೆ. ಆದರೆ ಸಾಧಾರಣ ಓಡಾಟದಲ್ಲಿ ಡ್ರಮ್ಮಿನ (ಚಕ್ರದ ಜೊತೆ ತಿರುಗುವ ಬ್ರೇಕಿನ ಬಟ್ಟಲು) ಹೊರಮೈ ಅದರ ಹತ್ತಿರಕ್ಕೂ ಕಾಯುವುದಿಲ್ಲ. ಬ್ರೇಕಿನ ಬಣ್ಣವನ್ನು ನಿಜವಾಗಿ ಕಿತ್ತುಹಾಕುವುದು ಬ್ರೇಕ್ ಆಯಿಲ್. ಅದರ ಸಾಮಾನ್ಯ ಬಗೆಗಳಾದ ಡಾಟ್ 3 ಮತ್ತು ಡಾಟ್ 4 ಎರಡೂ ಗ್ಲೈಕಾಲ್ ಮೂಲದವು. ಬಾಗಿಲು, ಗೇಟಿಗೆ ಹೊಡೆಯುವ ಸಿಂಥೆಟಿಕ್ ಎನಾಮಲ್ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಬಣ್ಣ ಮೊದಲು ಮೆತ್ತಗಾಗುತ್ತದೆ, ಆಮೇಲೆ ಸುಕ್ಕುಗಟ್ಟಿ ಸಿಪ್ಪೆಯಾಗಿ ಏಳುತ್ತದೆ.

ಸೈಲೆನ್ಸರಿಗೆ ಹೊಡೆಯುವ ಹೈ-ಹೀಟ್ ಸಿಲಿಕೋನ್ ಪೇಂಟಿನದು ಇನ್ನೊಂದು ತೊಂದರೆ. ಸುಮಾರು 200 ಡಿಗ್ರಿಯಲ್ಲಿ ಬೆಂದ ಮೇಲಷ್ಟೇ ಅದು ಪೂರ್ತಿ ಗಟ್ಟಿಯಾಗುವುದು. ಬ್ರೇಕಿನ ಒಳಭಾಗಗಳನ್ನು ಹೊತ್ತು ನಿಲ್ಲುವ ಬ್ಯಾಕ್ ಪ್ಲೇಟ್ ಎಂದೂ ಅಷ್ಟು ಕಾಯುವುದಿಲ್ಲ, ಹಾಗಾಗಿ ಅಲ್ಲಿ ಆ ಪೇಂಟ್ ಕಡೆಯವರೆಗೂ ಹಸಿಯಾಗಿಯೇ ಉಳಿಯುತ್ತದೆ. ಉಗುರಲ್ಲಿ ಕೆರೆದರೂ ಬರುತ್ತದೆ.

ಆದ್ದರಿಂದ ಬ್ಯಾಕ್ ಪ್ಲೇಟ್, ಡ್ರಮ್ಮಿನ ಹೊರಮೈ, ವೀಲ್ ಸಿಲಿಂಡರಿನ (ಆಯಿಲಿನ ಒತ್ತಡದಲ್ಲಿ ಬ್ರೇಕ್ ಹಿಡಿಸುವ ಭಾಗ) ಹೊರಮೈ ಈ ಮೂರಕ್ಕೂ ಎರಡು ಡಬ್ಬಿಯದನ್ನು ಬೆರೆಸಿ ಬಳಸುವ ಎಪಾಕ್ಸಿ ಪ್ರೈಮರ್, ಅದರ ಮೇಲೆ 2ಕೆ (ಹಾರ್ಡನರ್ ಬೆರೆಸಿ ಹೊಡೆಯುವ) ಪಾಲಿಯುರಿಥೇನ್ ಕಪ್ಪು ಹೊಡೆಯುವುದು ಒಳ್ಳೆಯದು. ನಾಲ್ಕು ಚಕ್ರಕ್ಕೆ ಅರ್ಧ ಲೀಟರ್ ಪ್ರೈಮರ್, ಅರ್ಧ ಲೀಟರ್ ಪೇಂಟ್ ಧಾರಾಳ. ಅನುಮಾನವಿದ್ದರೆ ತಗಡಿನ ತುಂಡಿಗೆ ಹೊಡೆದು, ಒಂದು ವಾರ ಒಣಗಿಸಿ, ಬ್ರೇಕ್ ಆಯಿಲ್ ಹನಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒರೆಸಿದಾಗ ಬಟ್ಟೆಗೆ ಬಣ್ಣ ಹತ್ತಿದರೆ ಆ ಪೇಂಟ್ ಈ ಕೆಲಸಕ್ಕೆ ಆಗುವುದಿಲ್ಲ. ಒಂದು ಎಚ್ಚರಿಕೆ: 2ಕೆ ಹಾರ್ಡನರಿನಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ. ಕರ್ಚೀಫು, ಧೂಳಿನ ಮಾಸ್ಕ್ ಅದನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕ್ ಮತ್ತು ಗಾಳಿಯ ವ್ಯವಸ್ಥೆ ಇಲ್ಲದಿದ್ದರೆ ಸ್ಪ್ರೇ ಬೂತ್ ಇರುವ ಪೇಂಟರಿಗೆ ಕೊಟ್ಟುಬಿಡಿ.

ಬಿಚ್ಚುವಾಗಿನ ಮಾತು ಚಿಕ್ಕದು, ಆದರೆ ಮುಖ್ಯ. ಹಳೆಯ ಲೈನಿಂಗಿನಲ್ಲಿ (ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಆಸ್ಬೆಸ್ಟಸ್ ಇರುವ ಸಾಧ್ಯತೆ ಹೆಚ್ಚು. ಡ್ರಮ್ಮಿನೊಳಗಿನ ಧೂಳಿಗೆ ಕಂಪ್ರೆಸರ್ ಗಾಳಿ ಹಿಡಿಯಲೇಬೇಡಿ. ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಪೇಂಟ್ ನಿಲ್ಲುವುದು, ಏಳುವುದು ತಯಾರಿಯಲ್ಲೇ ತೀರ್ಮಾನವಾಗುತ್ತದೆ. ಮೊದಲು ಗ್ರೀಸ್ ತೆಗೆಯಬೇಕು, ಆಮೇಲೆ ಸ್ಯಾಂಡ್ ಬ್ಲಾಸ್ಟಿಂಗ್. ಈ ಕ್ರಮ ತಿರುಗುಮುರುಗಾದರೆ ಮರಳಿನ ಏಟಿಗೆ ಗ್ರೀಸು ಲೋಹದ ಮೈಯೊಳಗೇ ಹೊಕ್ಕುಬಿಡುತ್ತದೆ. ಡ್ರಮ್ ಎರಕದ ಕಬ್ಬಿಣ, ಅದರ ಸಣ್ಣ ರಂಧ್ರಗಳು ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತವೆ. ಥಿನ್ನರಿನಲ್ಲಿ ಒರೆಸಿದಾಗ ಮೈ ಒಣಗಿದಂತೆಯೇ ಕಾಣುತ್ತದೆ. ಅದನ್ನು 100 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡಿದರೆ ಒಳಗಿನ ಎಣ್ಣೆ ಕಂದು ಬೆವರಿನ ಹಾಗೆ ಮೇಲಕ್ಕೆ ಒಸರುತ್ತದೆ. ತಣ್ಣಗಾದ ಮೇಲೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಬಿಸಿ ಮಾಡಿ. ಒಸರುವುದು ನಿಂತ ಮೇಲೆಯೇ ಪ್ರೈಮರ್. ಬಿಸಿಯಿದ್ದಾಗ ಥಿನ್ನರ್ ಹತ್ತಿರವೂ ತರಬಾರದು.

ಬ್ಲಾಸ್ಟ್ ಆದ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಗುರುತಲ್ಲೇ ತುಕ್ಕು ಹಿಡಿಯುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಬೆಳಗ್ಗೆ ಬ್ಲಾಸ್ಟ್ ಮಾಡಿದ್ದು ಸಂಜೆಗೆ ಕೆಂಪಾಗಿರುತ್ತದೆ, ಅಲ್ಲಿ ಅಂದೇ ಪ್ರೈಮರ್ ಆಗಬೇಕು. ತುಕ್ಕು ತೆಗೆಯಲು ಫಾಸ್ಫಾರಿಕ್ ಆಸಿಡ್ ಬಳಸಿದ್ದರೆ ಚೆನ್ನಾಗಿ ತೊಳೆದು ಒಣಗಿಸಿ. ಉಳಿದ ಆಸಿಡ್ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ.

ಇನ್ನು ಮಾಸ್ಕಿಂಗ್. ಬಣ್ಣ ಎಲ್ಲಿ ಇರಬಾರದು ಎಂಬುದು ಇಲ್ಲಿ ಬಣ್ಣಕ್ಕಿಂತ ದೊಡ್ಡ ವಿಷಯ. ಡ್ರಮ್ಮಿನ ಒಳಮೈ, ಅಂದರೆ ಲೈನಿಂಗ್ ಹೊತ್ತ ಶೂ ಉಜ್ಜುವ ಜಾಗ, ಎಲ್ಲರಿಗೂ ಗೊತ್ತು. ಮರೆಯುವುದು ಡ್ರಮ್ ಮತ್ತು ಹಬ್ (ಚಕ್ರ ಬಿಗಿಯುವ ನಡುಭಾಗ) ಒಂದಕ್ಕೊಂದು ಕೂರುವ ಮುಖವನ್ನು. ಅಲ್ಲಿ ಒಂದು ಕಡೆ ಬಣ್ಣದ ದಪ್ಪ ಹೆಚ್ಚಾದರೂ ಡ್ರಮ್ ಓರೆಯಾಗಿ ಕೂರುತ್ತದೆ, ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಮಿಡಿಯುತ್ತದೆ. ಚಕ್ರ ಕೂರುವ ಮುಖಕ್ಕೂ ಬಣ್ಣ ಬೇಡ. ನಟ್ಟಿನ ಬಿಗಿತಕ್ಕೆ ಸಿಕ್ಕ ಪೇಂಟ್ ದಿನ ಕಳೆದಂತೆ ಅಪ್ಪಚ್ಚಿಯಾಗಿ ತೆಳುವಾಗುತ್ತದೆ, ನಟ್ ತಾನಾಗಿ ಸಡಿಲಾಗುತ್ತದೆ. ಅಲ್ಲಿ ತುಕ್ಕು ಬರುತ್ತದೆಂಬ ಚಿಂತೆಯಿದ್ದರೆ ಎಣ್ಣೆ ಬಟ್ಟೆಯಲ್ಲಿ ತೆಳ್ಳಗೆ ಒರೆಸಿದರೆ ಸಾಕು.

ಬ್ಯಾಕ್ ಪ್ಲೇಟಿನಲ್ಲಿ ಶೂ ಅಂಚು ಆನಿಕೊಂಡು ಜಾರುವ ಸಣ್ಣ ಉಬ್ಬುಗಳಿವೆ. ಅಲ್ಲಿ ಹಳೆಯ ಶೂ ಕೊರೆದ ಗುಂಡಿ ಬಿದ್ದಿದ್ದರೆ ವೆಲ್ಡ್ ತುಂಬಿ ಮಟ್ಟ ಮಾಡಿ. ಗುಂಡಿ ಮುಚ್ಚಲು ಬಣ್ಣ ಸಾಲದು. ಬಣ್ಣ ಒಣಗಿದ ಮೇಲೆ ಆ ಉಬ್ಬುಗಳನ್ನು ಕೆರೆದು ಬರಿ ಲೋಹ ಮಾಡಿ, ಬ್ರೇಕಿಗೆಂದೇ ಬರುವ ಹೈ-ಟೆಂಪರೇಚರ್ ಗ್ರೀಸನ್ನು ಬೆರಳಿನ ತುದಿಯಷ್ಟು ಹಚ್ಚಿ. ಹಿಂದಿನ ವೀಲ್ ಸಿಲಿಂಡರ್ ಪ್ಲೇಟಿನ ಸೀಳಿನಲ್ಲಿ ಜಾರುವ ಬಗೆಯದಾಗಿದ್ದರೆ ಆ ಸೀಳಿನ ಅಂಚಿಗೂ ಇದೇ ನಿಯಮ. ಅಲ್ಲಿ ಎರಡು ಕೋಟ್ ದಪ್ಪ ಬಣ್ಣ ಕೂತರೆ ಸಿಲಿಂಡರ್ ಅಲುಗದೆ ಒಂದೇ ಶೂ ಕೆಲಸ ಮಾಡುತ್ತದೆ, ಬಿಟ್ಟ ಮೇಲೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. "ಶೂ ಹೊಸದು, ಸಿಲಿಂಡರ್ ಹೊಸದು, ಆದರೂ ಚಕ್ರ ಕಾಯ್ತದೆ" ಎಂಬ ದೂರಿಗೆ ಹಲವು ಸಲ ಕಾರಣ ಇಷ್ಟೇ.

ವೀಲ್ ಸಿಲಿಂಡರಿಗೆ ಪೇಂಟ್ ಮಾಡುವ ಮುನ್ನ ಪಿಸ್ಟನ್, ರಬ್ಬರ್ ಎಲ್ಲ ತೆಗೆದು ಬೋರ್, ಪೈಪ್ ಥ್ರೆಡ್, ಬ್ಲೀಡಿಂಗ್ ನಿಪ್ಪಲಿನ (ಆಯಿಲಿನೊಳಗಿನ ಗಾಳಿ ಹೊರಬಿಡುವ ತಿರುಪು) ಸೀಟು ಮೂರನ್ನೂ ಬಿಗಿಯಾಗಿ ಮುಚ್ಚಿ. ಬ್ಲಾಸ್ಟಿಂಗಿನ ಒಂದು ಕಣ ಬೋರಿನಲ್ಲಿ ಉಳಿದರೂ ಒಳಗಿನ ರಬ್ಬರ್ ಕಪ್ ವಾಷರ್ ಕೊರೆದು ಲೀಕ್ ಶುರುವಾಗುತ್ತದೆ. ಜೋಡಿಸುವಾಗ ರಬ್ಬರನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಗ್ಯಾರೇಜ್ ಪದ್ಧತಿ ಬೇಡವೇ ಬೇಡ, ರಬ್ಬರ್ ಊದಿಕೊಂಡು ಪಿಸ್ಟನ್ ಸಿಕ್ಕಿಬೀಳುತ್ತದೆ. ಹೊಸ ಬ್ರೇಕ್ ಆಯಿಲಿನಲ್ಲೇ ಅದ್ದಿ ಹಾಕಿ.

ರಿಟರ್ನ್ ಸ್ಪ್ರಿಂಗುಗಳನ್ನು ಆಸಿಡಿನಲ್ಲಿ ಅದ್ದಿ ಜಿಂಕ್ ಪ್ಲೇಟಿಂಗ್ ಮಾಡಿಸುವವರಿದ್ದಾರೆ. ಆಸಿಡ್ ಮತ್ತು ಪ್ಲೇಟಿಂಗಿನ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿದರೆ ಅದು ಪೆಡಸಾಗಿ, ಎಂದೋ ಒಂದು ದಿನ ಫಟ್ ಎಂದು ಮುರಿಯುತ್ತದೆ. ಹೊಸ ಸ್ಪ್ರಿಂಗ್ ಸೆಟ್ಟೇ ಹಾಕಿ, ಬೆಲೆ ದೊಡ್ಡದಲ್ಲ. ಬೆಂಗಳೂರಿನಲ್ಲಿ ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಂಥ ಕಡೆ ವಿಚಾರಿಸುವಾಗ ಹಳೆಯ ಸ್ಪ್ರಿಂಗ್ ಕೈಯಲ್ಲಿ ಹಿಡಿದೇ ಹೋಗಿ.

ಹೊಡೆಯುವುದು ತೆಳ್ಳಗೆ: ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಣ್ಣ, ಮಧ್ಯೆ ಡಬ್ಬಿಯ ಮೇಲೆ ಹೇಳಿದಷ್ಟು ಬಿಡುವು. ದಪ್ಪಗೆ ಹೊಡೆದದ್ದು ಮೇಲೆ ಒಣಗಿ ಒಳಗೆ ಹಸಿಯಿರುತ್ತದೆ, ಅಂಚಿನಲ್ಲಿ ಚೂರು ಏಳುವುದು ಅಲ್ಲಿಂದಲೇ. ಬಣ್ಣ ಕಪ್ಪೇ ಇರಲಿ, ಅರೆಹೊಳಪಿನದು. ಸ್ಟೀಲ್ ರಿಮ್ಮಿನ ಹಿಂದೆ ಕೆಂಪು ಡ್ರಮ್ ಅಂಬಾಸಿಡರಿಗೆ ಒಪ್ಪುವುದಿಲ್ಲ. ಮುಟ್ಟಿದರೆ ಒಣಗಿದಂತಿದ್ದರೂ ಪೂರ್ತಿ ಗಟ್ಟಿಯಾಗಲು ವಾರ ಬೇಕು, ಅಲ್ಲಿಯವರೆಗೆ ಬ್ರೇಕ್ ಆಯಿಲ್ ತುಂಬಬೇಡಿ.

ಮುಂದೆಯೂ ಡ್ರಮ್ ಬ್ರೇಕ್ ಇರುವ ಹಳೆಯ ಕಾರುಗಳ ಮುಂದಿನ ಚಕ್ರಗಳಲ್ಲಿ ತಲಾ ಎರಡು ಸಿಲಿಂಡರ್ ಇರುವುದರಿಂದ ಬ್ಲೀಡಿಂಗ್ ಮಾಡುವಾಗ ಆಯಿಲ್ ಚೆಲ್ಲುವ ಸಂದರ್ಭ ಅಲ್ಲೇ ಹೆಚ್ಚು. ನಿಪ್ಪಲಿಗೆ ಸರಿಯಾಗಿ ಹಿಡಿಯುವ ಟ್ಯೂಬ್ ಹಾಕಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಿ. ಬ್ಲೀಡಿಂಗ್ ಮುಗಿದು ನಿಪ್ಪಲ್ ಬಿಗಿದು ರಬ್ಬರ್ ಟೊಪ್ಪಿ ಹಾಕಿದ ಮೇಲೆ ಹೊರಗೆ ಚೆಲ್ಲಿದ್ದನ್ನು ಕೂಡಲೇ ನೀರಿನಲ್ಲಿ ತೊಳೆಯಿರಿ, ಗ್ಲೈಕಾಲ್ ನೀರಿನಲ್ಲಿ ಕರಗಿಹೋಗುತ್ತದೆ. 50ರಿಂದ 100 ಕಿಲೋಮೀಟರ್ ಓಡಿಸಿ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿ.