“ಮೇಡಂ, ನಾನು ಯಾವ ಟೈಪ್?”

ಇಂಗ್ಲಿಷ್ ಕಲಿಯಲು ಬಂದವರು ಮೊದಲ ವಾರದಲ್ಲೇ ಕೇಳುತ್ತಾರೆ: “ಮೇಡಂ, ನಾನು ನೋಡಿ ಕಲಿಯೋ ಟೈಪಾ, ಕೇಳಿ ಕಲಿಯೋ ಟೈಪಾ, ಮಾಡಿ ಕಲಿಯೋ ಟೈಪಾ? ಒಂದು ಟೆಸ್ಟ್ ಕೊಟ್ಟು ಹೇಳಿಬಿಡಿ.” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದುಬಿಡುತ್ತೇನೆ. ಟೆಸ್ಟ್ ಖಂಡಿತ ಕೊಡುತ್ತೇನೆ. ಅದರಿಂದ ನಿಮ್ಮ ‘ಟೈಪ್’ ಮಾತ್ರ ಗೊತ್ತಾಗುವುದಿಲ್ಲ.

ನನಗೆ ಸಿಟ್ಟು ಬರುವುದೇ ಆ ‘ಟೈಪ್’ ಎಂಬ ಮಾತಿಗೆ. ರಕ್ತದ ಗುಂಪಿನಂತೆ ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಯುವವರೆಗೂ ಅದೇ ಎಂದುಕೊಂಡಿದ್ದಾರೆ. “ನಾನು ವಿಷುವಲ್ ಲರ್ನರ್, ಅದಕ್ಕೇ ಲಿಸನಿಂಗ್ ಬರಲ್ಲ” ಎನ್ನುತ್ತಾರೆ. ಕಿವಿಗೆ ಅಭ್ಯಾಸವಾಗಿಲ್ಲ, ಅಷ್ಟೆ. ಅದನ್ನು ಹುಟ್ಟುಗುಣ ಎಂದುಬಿಟ್ಟರೆ ಯಾವ ಮೇಷ್ಟರೂ ಏನೂ ಮಾಡಲಾರರು.

‘ಟೈಪ್’ ಹೇಳುವ ಪ್ರಶ್ನಾವಳಿಗಳು ಏನನ್ನು ಕೇಳುತ್ತವೆ ನೋಡಿ. ಇಂಗ್ಲಿಷ್ ಕಲಿಯುವವರಿಗೆಂದೇ ಸಂಶೋಧಕಿ ಜಾಯ್ ರೀಡ್ 1987ರಲ್ಲಿ ಪ್ರಕಟಿಸಿದ್ದರಲ್ಲಿ 30 ಹೇಳಿಕೆಗಳು, ಆರು ಬಗೆಗಳು. ನ್ಯೂಜಿಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ನೀಲ್ ಫ್ಲೆಮಿಂಗ್ ರೂಪಿಸಿದ ‘ವಾರ್ಕ್’ ಎಂಬ ಪ್ರಶ್ನಾವಳಿಯಲ್ಲಿ ಈಗ 16 ಪ್ರಶ್ನೆಗಳಿವೆ. ಎರಡೂ ಕೇಳುವುದು ನಿಮಗೆ ಯಾವುದು ಹಿತ ಎಂದು. ಯಾವುದರಿಂದ ಹೆಚ್ಚು ಕಲಿತಿರಿ ಎಂದು ಅಳೆಯುವುದಿಲ್ಲ. ಒಬ್ಬೊಬ್ಬರ ಕಲಿಕೆಯ ಶೈಲಿಗೆ, ಅಂದರೆ ಈ ‘ಟೈಪ್’ಗೆ, ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಎಂಬ ಮಾತನ್ನು ಮನಶ್ಶಾಸ್ತ್ರಜ್ಞ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ಪರಿಶೀಲಿಸಿದರು. ಅದಕ್ಕೆ ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ.

ಹಿತ ಬೇಡ ಎನ್ನುತ್ತಿಲ್ಲ. ಹಿತವಾಗಿದ್ದರೆ ದಿನಾ ಅಭ್ಯಾಸಕ್ಕೆ ಕೂರುತ್ತೀರಿ, ಅದು ದೊಡ್ಡದು. ಆದರೆ ‘ರಿಸೀಟ್’ ಪದದ ಸ್ಪೆಲಿಂಗಿನಲ್ಲಿ ಒಂದು ‘ಪಿ’ ಇದೆಯೆಂದು ಕಿವಿ ಎಂದೂ ಹೇಳಲಾರದು. ‘ಕಂಫರ್ಟೆಬಲ್’ ಎಂದು ಓದಿಕೊಂಡದ್ದು ಮಾತಿನಲ್ಲಿ ‘ಕಂಫ್ಟಬಲ್’ ಆಗುತ್ತದೆಂದು ಕಣ್ಣು ತಿಳಿಯಲಾರದು. ಎಲ್ಲಿ ಕಣ್ಣು ಬೇಕು, ಎಲ್ಲಿ ಕಿವಿ ಬೇಕು ಎಂಬುದನ್ನು ಆ ಪದವೇ ತೀರ್ಮಾನಿಸುತ್ತದೆ.

ಈಗ ಟೆಸ್ಟ್. ನಿಮಗೆ ಗೊತ್ತಿಲ್ಲದ 40 ಪದಗಳನ್ನು ಚೀಟಿಗಳಲ್ಲಿ ಬರೆದು, ಕಣ್ಣು ಮುಚ್ಚಿ ಎತ್ತಿ, ಹತ್ತತ್ತರ ನಾಲ್ಕು ಗುಂಪು ಮಾಡಿ. ಆರಿಸಿ ಗುಂಪು ಮಾಡಬೇಡಿ. ಆರಿಸಿದರೆ ಏಣಿ, ಸೌಟಿನಂಥ ಸುಲಭದ ಪದಗಳೆಲ್ಲ ಚಿತ್ರದ ಗುಂಪಿಗೆ ಹೋಗಿ ಲೆಕ್ಕ ಕೆಡುತ್ತದೆ. ಮೊದಲ ಗುಂಪನ್ನು ಓದಿ ಬರೆದು ಕಲಿಯಿರಿ. ಎರಡನೆಯದನ್ನು ಫೋನಿನಲ್ಲಿ ಕೇಳಿ, ಹಿಂದೆಯೇ ಹೇಳಿ. ಮೂರನೆಯದಕ್ಕೆ ಚಿತ್ರ ಬಿಡಿಸಿ ಅಥವಾ ಅಭಿನಯಿಸಿ. ನಾಲ್ಕನೆಯದಕ್ಕೆ ಚೀಟಿಯ ಹಿಂದೆ ಕನ್ನಡದ ಅರ್ಥ ಬರೆದು, ಅರ್ಥ ಮಾತ್ರ ನೋಡಿ ಇಂಗ್ಲಿಷ್ ಪದವನ್ನು ನೆನಪಿನಿಂದ ತೆಗೆಯಿರಿ. ಪ್ರತಿ ಗುಂಪಿಗೂ 15 ನಿಮಿಷ, ಒಂದೇ ದಿನ. ಯಾವ ಗುಂಪು ಗೆಲ್ಲುತ್ತದೆಂದು ನಿಮಗನಿಸುತ್ತದೋ ಅದನ್ನು ಈಗಲೇ ಬರೆದಿಡಿ.

ಆಮೇಲೆ ಏಳು ದಿನ ಆ ಚೀಟಿಗಳನ್ನು ಮುಟ್ಟಬೇಡಿ. ಬಹಳ ಜನ ಕೆಡಿಸಿಕೊಳ್ಳುವುದು ಇಲ್ಲೇ: ಕಲಿತ ಕೂಡಲೇ ಪರೀಕ್ಷಿಸಿಕೊಂಡು ಖುಷಿಪಡುತ್ತಾರೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಮತ್ತೆ ಮತ್ತೆ ಓದಿದವರೇ ಮುಂದಿದ್ದರು; ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡಿದ್ದವರು ಅವರನ್ನು ಹಿಂದೆ ಹಾಕಿದ್ದರು. ಎಂಟನೇ ದಿನ ಮನೆಯವರೊಬ್ಬರು ಕನ್ನಡದ ಅರ್ಥ ಹೇಳಲಿ, ನೀವು ಹತ್ತು ಸೆಕೆಂಡಿನಲ್ಲಿ ಆ ಪದವಿಟ್ಟು ಒಂದು ವಾಕ್ಯ ಹೇಳಿ. ಪದಕ್ಕೆ ಒಂದು ಅಂಕ, ಸರಿಯಾದ ವಾಕ್ಯಕ್ಕೆ ಇನ್ನೊಂದು, ಗುಂಪಿಗೆ ಒಟ್ಟು 20. ಎರಡು ಮೂರು ಅಂಕಗಳ ಅಂತರಕ್ಕೆ ಬೆಲೆ ಕೊಡಬೇಡಿ. ಬೇರೆ 40 ಪದಗಳಲ್ಲಿ ಇನ್ನೊಮ್ಮೆ ಮಾಡಿ. ಬಂದ ಅಂಕವನ್ನು ಮೊದಲು ಬರೆದಿಟ್ಟ ಊಹೆಯ ಪಕ್ಕದಲ್ಲಿಟ್ಟು ನೋಡಿ. ಪದ ನೆನಪಿಡಲು ಯಾವ ದಾರಿ ನಿಮಗೆ ಒದಗುತ್ತದೆ ಎಂಬುದಕ್ಕೆ ಇಷ್ಟೇ ಸಾಕ್ಷಿ. ವ್ಯಾಕರಣಕ್ಕೋ ಉಚ್ಚಾರಣೆಗೋ ಇದನ್ನು ಎಳೆಯಬೇಡಿ.

ಯಾರಾದರೂ ನನ್ನನ್ನು ಕೇಳಲಿ ಎಂದು ಕಾಯುತ್ತಿರುವ ಪ್ರಶ್ನೆಯೇ ಬೇರೆ: “ನಾನು ತಪ್ಪುತ್ತಿರುವುದು ಎಲ್ಲಿ?” ಕೇಳಿದ್ದು ಅರ್ಥವಾಗುವುದಿಲ್ಲ ಎನ್ನುವವರಿಗೆ 30 ಸೆಕೆಂಡಿನ ಆಡಿಯೊ ಸಾಕು, ಆದರೆ ಅದರ ಪಠ್ಯವೂ ಕೈಯಲ್ಲಿರಬೇಕು. ಪಠ್ಯ ನೋಡದೆ ನಾಲ್ಕು ಸಲ ಕೇಳಿ, ಕೇಳಿಸಿದಷ್ಟನ್ನೂ ಬರೆಯಿರಿ. ಆಮೇಲೆ ಪಠ್ಯದೊಂದಿಗೆ ಹೋಲಿಸಿ, ತಪ್ಪಿದ ಪ್ರತಿ ಜಾಗಕ್ಕೂ ಒಂದು ಗುರುತು ಹಾಕಿ. ಪದವೇ ಗೊತ್ತಿರಲಿಲ್ಲವೆ? ಗೊತ್ತಿದ್ದೂ ಕಿವಿಗೆ ಸಿಗಲಿಲ್ಲವೆ? ಕೇಳಿಸಿದರೂ ವಾಕ್ಯದ ಅರ್ಥ ಹೊಳೆಯಲಿಲ್ಲವೆ?

ಮೊದಲನೆಯದು ಹೆಚ್ಚಿದ್ದರೆ ಪದಗಳ ಚೀಟಿಗೆ ಹಿಂತಿರುಗಿ. ಮೂರನೆಯದು ಹೆಚ್ಚಿದ್ದರೆ ಅದೇ ಪಠ್ಯವನ್ನು ನಿಧಾನವಾಗಿ ಓದಿ, ವಾಕ್ಯ ಬಿಡಿಸಿ. ಕನ್ನಡದವರು ಎರಡನೆಯದನ್ನು ಹೆಚ್ಚು ಗಮನಿಸಬೇಕು. ಬರೆದ ಅಕ್ಷರಗಳನ್ನೆಲ್ಲ ಉಚ್ಚರಿಸುವ ಭಾಷೆ ನಮ್ಮದು. ಇಂಗ್ಲಿಷಿನವರು ಒತ್ತಿಲ್ಲದ ಚಿಕ್ಕ ಪದಗಳನ್ನು ನುಂಗುತ್ತಾರೆ, ‘ಕಪ್ ಆಫ್ ಟೀ’ ಹೋಗಿ ‘ಕಪ್ಪ ಟೀ’ ಆಗುತ್ತದೆ. ಅಂಥ ಜಾಗ ಸಿಕ್ಕಿದಾಗ ಆ ಮೂರು ನಾಲ್ಕು ಪದಗಳನ್ನಷ್ಟೇ ಹತ್ತು ಸಲ ಹಾಕಿ ಕೇಳಿ, ನುಂಗಿದ ಹಾಗೆಯೇ ನೀವೂ ಹೇಳಿ, ಆಮೇಲೆ ಇಡೀ ವಾಕ್ಯಕ್ಕೆ ಬನ್ನಿ. ಗುರುತು ಹಾಕಿದ ಹಾಳೆಯನ್ನು ತರಗತಿಗೆ ತನ್ನಿ. ಅದನ್ನು ನೋಡಿ ಮುಂದಿನ ತಿಂಗಳು ಏನು ಮಾಡಬೇಕೆಂದು ಹೇಳಬಲ್ಲೆ.