ಹೋಗುವಾಗ ಜೊತೆಗೆ ಏನು ಇಡಬೇಕು?

ಇಂಗ್ಲೆಂಡಿನಲ್ಲಿ ಅನೇಕರು ತಮ್ಮ ಅಂತ್ಯಕ್ರಿಯೆ ಹೇಗಿರಬೇಕು ಅಂತ ಬದುಕಿರುವಾಗಲೇ ಹೇಳಿಟ್ಟಿರುತ್ತಾರೆ. ಯಾವ ಹಾಡು, ಯಾವ ಹೂವು, ಶವಪೆಟ್ಟಿಗೆಯಲ್ಲಿ ಜೊತೆಗೆ ಏನಿಡಬೇಕು, ಎಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಗಂಡ ಬರೆದ ಕಾಗದಗಳನ್ನೂ ತೋಟದ ಕೈಗವಸನ್ನೂ ಇಡಿಸಿಕೊಂಡರು. ಉಂಗುರ ಮಾತ್ರ ಮೊಮ್ಮಗಳಿಗೆ ಹೋಯಿತು. ಊರಲ್ಲಿ ಇಂಥ ಮಾತೆತ್ತಿದರೆ 'ಬಿಡ್ತು ಅನ್ನು' ಎಂದು ಬಾಯಿ ಮುಚ್ಚಿಸುತ್ತಾರೆ, ಅಲ್ವಾ?

ಸುಡುವುದಾದರೆ ಗಾಜಿನ ಬಾಟಲಿ, ಬ್ಯಾಟರಿ ಇರುವ ವಸ್ತು ಕೂಡದು. ಪೇಸ್‌ಮೇಕರ್ ಇದ್ದರೆ ಮೊದಲೇ ತೆಗೆಯುತ್ತಾರೆ, ಬೆಂಕಿಗೆ ಅದು ಸಿಡಿಯುತ್ತದೆ. ಹೂಳುವುದಾದರೆ ಅಷ್ಟು ಕಟ್ಟುಪಾಡಿಲ್ಲ. ಆದರೆ 1993ರಲ್ಲಿ ಕಾರ್ಲೈಲ್ ಊರಲ್ಲಿ ಶುರುವಾದಂಥ ನೈಸರ್ಗಿಕ ಸ್ಮಶಾನಗಳಲ್ಲಿ ಮಣ್ಣಲ್ಲಿ ಕರಗುವಂಥದ್ದೇ ಇರಬೇಕು.

ಕರಗದೆ ಉಳಿದದ್ದನ್ನು ನೋಡಬೇಕಾದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು. ಸಫೋಕ್‌ನ ಸಟ್ಟನ್ ಹೂ ಎಂಬಲ್ಲಿ 1939ರಲ್ಲಿ ಹಳೇ ಕಾಲದ ಸಮಾಧಿ ಅಗೆದಾಗ ಸಿಕ್ಕ ಶಿರಸ್ತ್ರಾಣ, ಬೆಳ್ಳಿ ಬಟ್ಟಲು, 37 ಚಿನ್ನದ ನಾಣ್ಯಗಳು ಅಲ್ಲಿವೆ. ಸುಮಾರು 27 ಮೀಟರ್ ಉದ್ದದ ಹಡಗನ್ನೇ ಹೂತಿದ್ದರು. ಇಷ್ಟೆಲ್ಲ ಯಾರಿಗಾಗಿ ಇಟ್ಟರೋ ಆ ಮನುಷ್ಯನೇ ಸಿಗಲಿಲ್ಲ. ಹುಳಿ ಮಣ್ಣಿಗೆ ದೇಹ ಕರಗಿಹೋಗಿತ್ತು.

ನಮ್ಮದು ಲಿಂಗಾಯತ ಮನೆ. ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ಕೊರಳಿಗೆ ಬಿದ್ದಿರುತ್ತದೆ. ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತೇವೆ. ಅಪ್ಪನ ಜೊತೆ ಹೋದದ್ದೂ ಅಷ್ಟೇ. ಕನ್ನಡಕ, ವಾಚು ಮನೆಯಲ್ಲೇ ಉಳಿದವು. ಆ ಕನ್ನಡಕವನ್ನು ಅವ್ವ ಈಗಲೂ ಒರೆಸಿ ಇಡುತ್ತಾಳೆ.

ನಾನು ಇಲ್ಲೇ, ಇಂಗ್ಲೆಂಡಿನಲ್ಲೇ ಮಣ್ಣಾಗುವುದು ಬಹುತೇಕ ಖಚಿತ. ಇಲ್ಲಿ ಮಲಗಿಸಿ ಹೂಳುವ ರೂಢಿ. ಮಲಗಿಸಲಿ, ಆದರೆ ಎಡಗೈ ಎದೆಯ ಮೇಲಿರಲಿ, ಅದರಲ್ಲಿ ಲಿಂಗ ಇರಲಿ. ಲಿಂಗ ಇಡುವ ಬೆಳ್ಳಿ ಕರಡಿಗೆ ಮಗಳಿಗೆ. ಅಜ್ಜಿಯ ಕೈಗವಸು ನೋಡಿದ ಮೇಲೆ ಇನ್ನೊಂದು ಆಸೆಯೂ ಹುಟ್ಟಿದೆ. ಅವ್ವ ಹೊಲಿದ ಕೌದಿ ಹೊದಿಸಬೇಕು. ಅವಳ ಹಳೆ ಸೀರೆ, ಅಪ್ಪನ ಧೋತರ ಸೇರಿದ ಕೌದಿ ಅದು. ಬರೀ ಹತ್ತಿ, ಮಣ್ಣಿಗೂ ಭಾರವಲ್ಲ.

ಮಗಳು ಒಪ್ಪುತ್ತಿಲ್ಲ. ಕರಡಿಗೆ ಬೇಡ, ಕೌದಿಯೇ ಬೇಕು ಅನ್ನುತ್ತಾಳೆ. ಚಿಕ್ಕವಳಿದ್ದಾಗಿಂದ ಅದರಲ್ಲೇ ಮಲಗಿದವಳು, ಅವಳ ಮಾತೂ ಸರಿಯೇ. ಈ ಸಲ ಊರಿಗೆ ಬಂದಾಗ ಅವ್ವನ ಹತ್ತಿರ ಇನ್ನೊಂದು ಹೊಲಿಸಬೇಕು. ಅಪ್ಪನ ಧೋತರ ಟ್ರಂಕಿನಲ್ಲಿ ಇನ್ನೂ ಒಂದೆರಡು ಇರಬೇಕು.