ಹೊಸ ಕಾರಿಗೆ ಮೂರು ಪೆಟ್ಟು: ಮಳೆಗೆ ಮುಂಚೆ ಯಾವುದು, ಆಮೇಲೆ ಯಾವುದು

ಏಪ್ರಿಲ್ ಕೊನೆ

ಕಾರು ಬಂದು ಇನ್ನೂ ವರ್ಷ ಆಗಿಲ್ಲ, ಆಗಲೇ ಮೂರು ಕಡೆ ಪೆಟ್ಟು. ಕುಮಟಾದಲ್ಲಿ ನಮ್ಮ ಮನೆಯಿಂದ ಸಮುದ್ರ ದೂರ ಇಲ್ಲ. ಜೂನ್ ಮೊದಲ ವಾರ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ, ಹಾಗಾಗಿ ರಿಪೇರಿ ಮಾಡಿಸುವುದೋ ಬಿಡುವುದೋ ಅಂತ ಈಗಲೇ ತೀರ್ಮಾನ ಆಗಬೇಕು. ಕಾರು ಬೂದು ಬಣ್ಣದ ಮೆಟಾಲಿಕ್. ಇದು ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಮೊದಲನೆಯದು ಬಾನೆಟ್ ಮೇಲೆ. ಅತ್ತೆ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದಾಗ ಎಳೆ ತೆಂಗಿನಕಾಯಿ ಬಿದ್ದು ಸಣ್ಣ ಕುಳಿ. ಬಣ್ಣ ಒಡೆದಿಲ್ಲ, ಬಿರುಕೂ ಇಲ್ಲ. ಎರಡನೆಯದು ಹಿಂದಿನ ಬಂಪರಿನ ಮೂಲೆ. ಪೇಟೆಯಲ್ಲಿ ಯಾರೋ ಸವರಿಕೊಂಡು ಹೋಗಿದ್ದಾರೆ, ಅವರ ಗಾಡಿಯ ಹಳದಿ ಬಣ್ಣ ನಮಗೆ ಬಂದಿದೆ. ಮೂರನೆಯದು ಎಡಗಡೆ ಹಿಂದಿನ ಚಕ್ರದ ಮೇಲಿನ ಕಮಾನು. ಭಾವ ರಿವರ್ಸ್ ತೆಗೆಯುವಾಗ ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ಪಾಗಾರದ ಗೋಡೆಗೆ ಉಜ್ಜಿದ್ದು. ಗೇಣುದ್ದದ ಗೀರು, ಅದರ ಕೊನೆಯಲ್ಲಿ ಬೆರಳ ಉಗುರಿನಷ್ಟು ಜಾಗದಲ್ಲಿ ಬಣ್ಣ ಪೂರ್ತಿ ಎದ್ದು ಹೋಗಿದೆ.

ಮನೆಯಲ್ಲಿ ಎಲ್ಲರ ಕಣ್ಣು ಬಾನೆಟ್ ಮೇಲೆ. ಬಾಗಿಲಿಗೆ ಬಂದವರೆಲ್ಲ ಮೊದಲು ನೋಡುವುದು ಅದನ್ನೇ ತಾನೇ. ಅತ್ತೆ ಮಾತ್ರ "ಹೊಸ ಗಾಡಿಗೆ ದೃಷ್ಟಿಬೊಟ್ಟು ಇಟ್ಟ ಹಾಗಾಯ್ತು, ಬಿಡು" ಅಂದರು. ನನಗೂ ಅಷ್ಟೇ ಅನ್ನಿಸಿತು. ತಲೆಕೆಡಿಸಿಕೊಂಡದ್ದು ಯಾರೂ ಬಗ್ಗಿ ನೋಡದ ಆ ಚಕ್ರದ ಕಮಾನಿನ ಬಗ್ಗೆ.

ಮೇ ಮೊದಲ ವಾರ

ಗೀರು ಎಷ್ಟು ಆಳ ಅಂತ ನೋಡಲು ಉಗುರು ಸಾಕು. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಮೇಲಿನ ಬಣ್ಣವಿಲ್ಲದ ಪದರ ಕ್ಲಿಯರ್ ಕೋಟ್‌ಗೆ ಮಾತ್ರ ಪೆಟ್ಟು, ಪಾಲಿಶ್‌ನಲ್ಲಿ ಹೋಗುತ್ತದೆ. ಸಿಕ್ಕಿಕೊಂಡರೆ ಒಳಗೆ ಇಳಿದಿದೆ. ಕಾರ್ಖಾನೆಯ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 0.1 ಮಿಲಿಮೀಟರ್, ಜಾಸ್ತಿ ಅಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಇ-ಕೋಟ್, ಆಮೇಲೆ ಪ್ರೈಮರ್, ಬಣ್ಣ, ಕೊನೆಗೆ ಕ್ಲಿಯರ್. ನಮ್ಮ ಗೀರಿನ ಮುಕ್ಕಾಲು ಭಾಗದಲ್ಲಿ ಉಗುರು ಸಿಕ್ಕಲಿಲ್ಲ. ಕೊನೆಯಲ್ಲಿ ಸರಿಯಾಗಿ ಸಿಕ್ಕಿತು.

ಅಲ್ಲಿ ಕೆಂಪು ಕಂಡು ಎದೆ ಧಸಕ್ ಅಂತು. ಇಷ್ಟು ಬೇಗ ತುಕ್ಕಾ? ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅರ್ಧ ಕೆಂಪು ಬಟ್ಟೆಗೆ ಬಂತು. ಅದು ಚಿರೆಕಲ್ಲಿನ ಪುಡಿ. ಆ ಕಲ್ಲಿನ ಕೆಂಪೂ ಕಬ್ಬಿಣದ ಆಕ್ಸೈಡಿನದ್ದೇ ಆದ್ದರಿಂದ ನೋಡಲು ತುಕ್ಕಿನಂತೆಯೇ ಇರುತ್ತದೆ. ಹಳೆ ಟೂತ್‌ಬ್ರಶ್, ಕಾರ್ ಶಾಂಪೂ ಹಾಕಿ ಪೂರ್ತಿ ತೊಳೆದ ಮೇಲೆ ಉಳಿದದ್ದು ಹೊಳೆಯುವ ತಗಡು, ಅದರ ಒಂದು ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ. ಅದು ಮಾತ್ರ ನಿಜವಾದ ತುಕ್ಕು. ನಮ್ಮ ಕಡೆ ಚಿರೆಕಲ್ಲಿಗೆ ಗಾಡಿ ಉಜ್ಜಿದವರು ಮೊದಲು ತೊಳೆದು ನೋಡಿ, ಆಮೇಲೆ ಹೆದರಿ.

ಕರಾವಳಿಯಲ್ಲಿ ಕಷ್ಟ ಬರೀ ಮಳೆಯದ್ದಲ್ಲ. ಗಾಳಿಯಲ್ಲಿ ತೇವಾಂಶ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಎಳೆದುಕೊಂಡು ಒದ್ದೆಯಾಗುತ್ತದೆ. ಡಬ್ಬಿಯಲ್ಲಿರುವ ಉಪ್ಪು ಜೂನ್‌ನಲ್ಲಿ ಏನಾಗುತ್ತದೆ ಅಂತ ಗೊತ್ತಲ್ವಾ? ಮಳೆ ನಿಂತು ಬಿಸಿಲು ಬಂದ ದಿನವೂ ಉಪ್ಪು ಕೂತ ಗೀರು ಬೇಗ ಒಣಗುವುದಿಲ್ಲ. ಅದರ ಮೇಲೆ ಈ ಜಾಗ ಚಕ್ರದ ಮೇಲೇ ಇದೆ, ರಸ್ತೆಯ ಕೆಸರೆಲ್ಲ ಸಿಡಿಯುವುದು ಅಲ್ಲಿಗೇ. ಇನ್ನೊಂದು ವಿಷಯ, ಬಾಗಿಲು, ಬಾನೆಟ್ ಆದರೆ ಬೋಲ್ಟ್ ಬಿಚ್ಚಿ ಬದಲಿಸಬಹುದು. ಹಿಂದಿನ ಚಕ್ರದ ಭಾಗ ಬಾಡಿಗೆ ವೆಲ್ಡ್ ಆಗಿರುತ್ತದೆ. ಅಲ್ಲಿ ತುಕ್ಕು ತಿಂದರೆ ಕತ್ತರಿಸಿ ಬೆಸೆಯಬೇಕು.

ಮೇ ಎರಡನೇ ವಾರ

ಸರ್ವಿಸ್ ಸೆಂಟರ್‌ನಲ್ಲಿ ತೋರಿಸಿದೆ. ಚಕ್ರದ ಭಾಗ ಪೂರ್ತಿ ಪೇಂಟ್ ಮಾಡಲು ಆರು ಸಾವಿರದ ಹತ್ತಿರ ಹೇಳಿದರು. "ಇನ್ಶೂರೆನ್ಸ್ ಹಾಕಿಬಿಡಿ ಸಾರ್, ಝೀರೋ ಡೆಪ್ ಇದೆಯಲ್ಲ" ಅಂದರು. ಭಾಗಗಳು ಹಳೆಯದಾದದ್ದಕ್ಕೆ ದುಡ್ಡು ಕಡಿತ ಮಾಡದ ಪಾಲಿಸಿ ಅದು. ಮೂರನ್ನೂ ಒಂದೇ ಕ್ಲೇಮಿನಲ್ಲಿ ಮುಗಿಸೋಣ ಅಂತ ಭಾವನ ಆಸೆ. ಅದು ಆಗುವುದಿಲ್ಲ, ಬೇರೆ ಬೇರೆ ಸಲ ಆದ ಪೆಟ್ಟಿಗೆ ಬೇರೆ ಬೇರೆ ಕ್ಲೇಮ್. ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ 1,000 ರೂಪಾಯಿ ನಮ್ಮ ಕೈಯಿಂದ, 1500 ಸಿಸಿ ದಾಟಿದ ಕಾರಾದರೆ 2,000.

ಅದಕ್ಕಿಂತ ದೊಡ್ಡ ಏಟು ನೋ ಕ್ಲೇಮ್ ಬೋನಸ್‌ದು. ಕ್ಲೇಮ್ ಇಲ್ಲದಿದ್ದರೆ ಮೊದಲ ವರ್ಷಕ್ಕೆ ಪ್ರೀಮಿಯಂನಲ್ಲಿ ಶೇಕಡಾ 20 ರಿಯಾಯಿತಿ, ಆಮೇಲೆ 25, 35, 45, 50 ಅಂತ ಏರುತ್ತದೆ. ಒಂದು ಕ್ಲೇಮ್ ಹಾಕಿದರೆ ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಶುರು. ಈ ರಿಯಾಯಿತಿ ಸಿಗುವುದು ನಮ್ಮ ಗಾಡಿಯ ಹಾನಿಗೆ ಕಟ್ಟುವ ಭಾಗಕ್ಕೆ ಮಾತ್ರ, ಬೇರೆಯವರಿಗೆ ಆಗುವ ಹಾನಿಯ ಥರ್ಡ್ ಪಾರ್ಟಿ ಭಾಗಕ್ಕೆ ಇಲ್ಲ. ನಮ್ಮ ಗಾಡಿಯ ಭಾಗ ವರ್ಷಕ್ಕೆ 10,000 ರೂಪಾಯಿ ಅಂತ ಇಟ್ಟುಕೊಳ್ಳಿ. ಕ್ಲೇಮ್ ಹಾಕಿದರೆ ಬರುವ ವರ್ಷ 2,000 ಹೋಯಿತು, ಅದರ ಮುಂದಿನ ವರ್ಷ (ಶೇಕಡಾ 25ರ ಬದಲು 20 ಸಿಗುವುದರಿಂದ) 500, ಆಮೇಲೆ 1,000, ಮತ್ತೆ 1,000, ಮತ್ತೆ 500. ಒಟ್ಟು 5,000. ಮೊದಲ 1,000 ಸೇರಿಸಿದರೆ ಅವರು ಹೇಳಿದ ಆರು ಸಾವಿರವೇ ಆಯಿತು! ಕಾರು ಹಳೆಯದಾದ ಹಾಗೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಡಿಮೆ ಆಗಬಹುದು, ಆದರೂ ಇಷ್ಟು ಸಣ್ಣ ಕೆಲಸಕ್ಕೆ ಕ್ಲೇಮ್ ಹಾಕಿ ಲಾಭ ಇಲ್ಲ. ಇನ್ಶೂರೆನ್ಸ್ ದೊಡ್ಡ ಪೆಟ್ಟಿಗೆ ಇರಲಿ.

"ಖರ್ಚು ನಾ ಕೊಡ್ತೆ ಮಾರಾಯಾ, ಪೂರ್ತಿ ಪೇಂಟ್ ಮಾಡಿಸು" ಅಂತ ಭಾವ ಒಂದೇ ಹಟ. ಅವರಿಗೆ ಆ ಗೀರು ಕಣ್ಣಿಗೆ ಬೀಳಬಾರದು, ಅಷ್ಟೇ. ಬೇಡ ಭಾವ ಅಂದರೆ ದುಡ್ಡಿನ ಸಂಕೋಚ ಅಂತ ತಿಳಿದರು. ನನಗೆ ಬೇಡವಾಗಿದ್ದು ಬೇರೆ ಕಾರಣಕ್ಕೆ. ಉಗುರಿನಷ್ಟು ಜಾಗಕ್ಕಾಗಿ ಒಂದಿಡೀ ಭಾಗದ ಒಳ್ಳೆಯ ಬಣ್ಣವನ್ನೂ ಉಜ್ಜಬೇಕು. ಕಾರ್ಖಾನೆಯಲ್ಲಿ ಇ-ಕೋಟನ್ನು ಬೇಯಿಸುವುದು 160 ಡಿಗ್ರಿಗೂ ಮೇಲೆ, ಗ್ಯಾರೇಜಿನ ಬೂತ್‌ನಲ್ಲಿ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) 60 ಡಿಗ್ರಿ ಆಸುಪಾಸು. ಪ್ಲಾಸ್ಟಿಕ್, ವೈರಿಂಗ್ ಎಲ್ಲ ಇರುವ ಕಾರನ್ನು ಅದಕ್ಕಿಂತ ಜಾಸ್ತಿ ಬಿಸಿ ಮಾಡುವ ಹಾಗೂ ಇಲ್ಲ. ಮೆಟಾಲಿಕ್ ಬಣ್ಣದಲ್ಲಿ ಸಣ್ಣ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಅವು ಮಲಗುವ ರೀತಿ ಸ್ವಲ್ಪ ಬದಲಾದರೂ ಬಿಸಿಲಲ್ಲಿ ಛಾಯೆ ಬೇರೆ ಕಾಣುತ್ತದೆ, ಹಾಗಾಗಿ ಪಕ್ಕದ ಬಾಗಿಲಿಗೂ ಸ್ವಲ್ಪ ಹೊಡೆದು ಹೊಂದಿಸಬೇಕು. ನಾಳೆ ಮಾರಲು ಹೋದರೆ "ಇದು ಎಕ್ಸಿಡೆಂಟ್ ಗಾಡಿಯಾ?" ಅನ್ನುವ ಪ್ರಶ್ನೆ ಬೇರೆ.

ಶಿರಸಿಗೆ ಹೋದಾಗ ಹಳೆಯ ಪೇಂಟರ್ ಒಬ್ಬರಿಗೂ ತೋರಿಸಿದೆ. ಅವರು ಬಗ್ಗಿ ನೋಡಿ, "ಸುಮ್ನೆ ಟಚಪ್ ಮಾಡ್ಕಳ್ಳಿ. ಪೂರ್ತಿ ಮಾಡ್ಸದಾದ್ರೆ ಮಳೆ ಮುಗಿದ ಮೇಲೆ ಬನ್ನಿ" ಅಂದರು. ಬೂತ್ ಇಲ್ಲದೆ ಮಳೆಗಾಲದಲ್ಲಿ ಹೊಡೆದರೆ ತೇವ ಸಿಕ್ಕಿ ಬಣ್ಣ ಬಿಳಿಚಿಕೊಳ್ಳುತ್ತದಂತೆ. ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳಿಸುವವರು ಸಿಗುವುದು ಕಡಿಮೆ.

ಮೇ ಕೊನೆ

ಬಾಗಿಲ ಕಂಬದ ಸ್ಟಿಕರ್‌ನಲ್ಲಿ ಬಣ್ಣದ ಕೋಡ್ ಇತ್ತು, ಅದನ್ನು ಹೇಳಿ ಟಚಪ್ ಬಾಟಲಿ ತರಿಸಿದೆ. ಬಿಸಿಲು ಏರುವ ಮುಂಚೆ, ನೆರಳಿನಲ್ಲಿ ಕೆಲಸ. ಕಂದು ಚುಕ್ಕೆಯನ್ನು ಮಾತ್ರ 600 ನಂಬರ್ ಮರಳು ಕಾಗದದ ಸಣ್ಣ ಚೂರಿನಿಂದ ತಗಡು ಹೊಳೆಯುವ ತನಕ ಉಜ್ಜಿದೆ. ಸುತ್ತ ಟೇಪ್ ಹಚ್ಚಿಕೊಂಡರೆ ಒಳ್ಳೆಯ ಬಣ್ಣಕ್ಕೆ ತಾಗುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ರೈಮರ್, ಬಣ್ಣ, ಕ್ಲಿಯರ್, ಈ ಕ್ರಮದಲ್ಲಿ. ಬಾಟಲಿಯ ಬ್ರಶ್ ಇಂಥ ಕೆಲಸಕ್ಕೆ ತೀರಾ ದಪ್ಪ. ಹಿಡಿಕಡ್ಡಿಯ ತುದಿಯನ್ನು ಓರೆಯಾಗಿ ಕೊಯ್ದು ಅದರಿಂದ ಹನಿ ಹನಿಯಾಗಿ ಇಟ್ಟೆ, ಬಣ್ಣ ತಾನೇ ಗುಂಡಿಯೊಳಗೆ ಹರಡಿಕೊಂಡಿತು. ಒಂದೇ ಸಲ ದಪ್ಪಗೆ ತುಂಬಿದರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ತೆಳು ಪದರ ಇಟ್ಟು ಒಣಗಿಸಿ ಮತ್ತೆ ಇಡಬೇಕು. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಮೆಟಾಲಿಕ್ ಚೂರುಗಳು ತಳದಲ್ಲಿ ಕೂತಿರುತ್ತವೆ.

ನೋಡಲು ಹೇಗಿದೆ ಅಂದರೆ, ಹತ್ತಿರ ಬಂದರೆ ಕಲೆ ಕಾಣುತ್ತದೆ. ಸುತ್ತಲಿನದಕ್ಕಿಂತ ಒಂದು ಛಾಯೆ ಗಾಢ. ಪರವಾಗಿಲ್ಲ.

ಬಂಪರಿನದು ಹತ್ತು ನಿಮಿಷದ ಕೆಲಸ. ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಹಳದಿ ಹೋಯಿತು, ಎರಡು ಸಣ್ಣ ಗೆರೆ ಉಳಿದವು. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ, ಅಲ್ಲಿಗೆ ಆ ವಿಷಯ ಮುಗಿಯಿತು.

ಜುಲೈ

ಮಳೆ ಜೋರು. ಬಿಡುವು ಸಿಕ್ಕಾಗಲೆಲ್ಲ ಚಕ್ರದ ಕಮಾನಿನ ಒಳಗೂ ಹೊರಗೂ ಒಳ್ಳೆ ನೀರಿನಲ್ಲಿ ತೊಳೆಯುತ್ತಿದ್ದೇನೆ. ಟಚಪ್ ಅಂಚಿನಲ್ಲಿ ಗುಳ್ಳೆ ಎದ್ದಿದೆಯಾ ಅಂತ ಟಾರ್ಚ್ ಓರೆ ಹಿಡಿದು ನೋಡುತ್ತೇನೆ. ಒಳಗೆ ತುಕ್ಕು ಉಳಿದಿದ್ದರೆ ಮೊದಲು ಏಳುವುದು ಅಲ್ಲಿಂದಲೇ. ಸದ್ಯಕ್ಕೆ ಏನೂ ಇಲ್ಲ.

ಬಾನೆಟ್ ಕುಳಿಯ ಫೋಟೋಗಳನ್ನು ಹುಬ್ಬಳ್ಳಿಯಲ್ಲಿ ಪೇಂಟ್ ಇಲ್ಲದೆ ಡೆಂಟ್ ತೆಗೆಯುವವರೊಬ್ಬರಿಗೆ ಕಳಿಸಿದ್ದೆ. ಒಳಗಿನಿಂದ ಕಬ್ಬಿಣದ ಸಲಾಕೆ ತೂರಿಸಿ ಸ್ವಲ್ಪ ಸ್ವಲ್ಪವೇ ಒತ್ತಿ ಎಬ್ಬಿಸುವ ಕೆಲಸ ಅದು. ಬಣ್ಣ ಒಡೆಯದೆ ಇದ್ದರೆ ಮಾತ್ರ ಸರಿಯಾಗಿ ಆಗುತ್ತದೆ, ಪುಟ್ಟಿ ಬೇಡ. ಕುಳಿಯ ಹಿಂದೆ ಬಾನೆಟ್ಟಿನ ಒಳಚೌಕಟ್ಟು ಬಂದರೆ ಸಲಾಕೆ ಹೋಗುವುದಿಲ್ಲ ಅಂದರು, ಬಾನೆಟ್ ಎತ್ತಿ ಒಳಗಿನ ಫೋಟೋ ಕೇಳಿದರು. ನಮ್ಮದು ಚೌಕಟ್ಟಿನ ಪಕ್ಕದಲ್ಲೇ ಇದೆ, ಸಲಾಕೆ ಹೋಗುವಷ್ಟು ಜಾಗ ಇದೆಯಂತೆ. ಕಾದರೆ ಹಾಳಾಗುವಂಥದ್ದು ಅಲ್ಲ, ಹಾಗಾಗಿ ಅದಕ್ಕೆಂದೇ ಹುಬ್ಬಳ್ಳಿಗೆ ಹೋಗುವುದಿಲ್ಲ. ದೀಪಾವಳಿಯ ಆಸುಪಾಸು ಬೇರೆ ಕೆಲಸಕ್ಕೆ ಹೋಗುವುದಿದೆ, ಆಗ ಮಾಡಿಸುತ್ತೇನೆ. ಅದರ ಖರ್ಚು ಭಾವ ಕೊಡುತ್ತಾರಂತೆ. ತೆಂಗಿನಕಾಯಿ ಬಿದ್ದದ್ದಕ್ಕೆ ಅವರ್ಯಾಕೆ ಕೊಡಬೇಕು ಅಂತ ಕೇಳಿದರೆ, ಏನಾದರೂ ಒಂದು ಮಾಡಿಸಲು ಬಿಡು ಮಾರಾಯಾ ಅನ್ನುತ್ತಾರೆ.